ನಾಲ್ವರಿಗೊಂದು ಬಂದೂಕು

ರಜಾಕಾರ ಆಗಲು ಒಬ್ಬ ಹುಡುಗನೂ ಒಪ್ಪಲಿಲ್ಲ. ಸೆಪ್ಟೆಂಬರ್ 17ಕ್ಕೆ ಶಾಲೆಯ ಮಕ್ಕಳಿಂದ ಹೈದರಾಬಾದ್ ವಿಮೋಚನೆಯ ನಾಟಕ ಆಡಿಸಬೇಕೆಂದು ಮಾಸ್ತರರು ಪಾತ್ರ ಹಂಚಲು ಕೂತರೆ ಸರ್ದಾರ್ ಪಟೇಲ್ ಆಗಲು ನೂಕುನುಗ್ಗಲು, ಜನರಲ್ ಚೌಧರಿ ಆಗಲು ಜಗಳ, ಧ್ವಜ ಹಿಡಿಯಲು ಇಡೀ ಏಳನೇ ಇಯತ್ತೆ. ನಿಜಾಮರ ಪರ ನಿಂತಿದ್ದ ರಜಾಕಾರರ ನಾಯಕ ಖಾಸಿಂ ರಜ್ವಿಯ ಕಡೆ ಮಾತ್ರ ನೆಲ ಖಾಲಿ. "ರಜಾಕಾರರಿಗೆ ಬಂದೂಕು ಸಿಗ್ತದ ನೋಡ್ರಿ" ಎಂದು ಮಾಸ್ತರರು ಅಂದದ್ದೇ ತಡ, ಪಟೇಲರು ಅಲ್ಲಿಂದಲೇ ರಾಜೀನಾಮೆ ಕೊಟ್ಟು ಬಂದು ರಜ್ವಿಯ ಸಾಲಿನಲ್ಲಿ ನಿಂತರು. ಹಿಂದೆಯೇ ಧ್ವಜದವರು ಬಂದರು.

ಮಾಸ್ತರರು ಕೊಟ್ಟ ಮಾತು ನನ್ನ ಕೊರಳಿಗೆ ಬಿತ್ತು. ಉಳಿ, ಕರಗಸ ಹಿಡಿದು ರವಿವಾರ ಕಳೆಯುವವರು ಬೀದರ್ ಸೀಮೆಯ ನಮ್ಮ ಮಾಣಿಕನಗರದಲ್ಲಿ ಇನ್ನೂ ಇದ್ದಾರೆ. ಆದರೆ ಇಂಥ ಕೆಲಸ ಬಂದಾಗ ಒಲ್ಲೆ ಅನ್ನಲು ಬಾರದವನು ಬಹುಶಃ ನಾನೊಬ್ಬನೇ. ಎಂಟು ರಜಾಕಾರರು, ಎಂಟು ಬಂದೂಕು, ಎರಡು ಸಾವಿರ ರೂಪಾಯಿ. "ರಟ್ಟಿನಾಗ ಕತ್ತರಿಸಿ ಕಪ್ಪು ಬಣ್ಣ ಹಚ್ಚಿಬಿಡ್ರಿ, ದೂರದಿಂದ ಯಾರಿಗೆ ಗೊತ್ತಾಗ್ತದ?" ಎಂದರು ಮಾಸ್ತರರು.

ದೂರದಿಂದಲೇ ಗೊತ್ತಾಗುತ್ತದೆ. ರಟ್ಟಿನ ಬಂದೂಕನ್ನು ಹುಡುಗ ಒಂದೇ ಕೈಯಲ್ಲಿ ಬೀಸುತ್ತಾನೆ. ಸಂಭಾಷಣೆ ಮರೆತಾಗ ಅದರ ತುದಿಯಿಂದ ಬೆನ್ನು ತುರಿಸಿಕೊಳ್ಳುತ್ತಾನೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಅವರು ಹೊತ್ತದ್ದು ನಿಜವಾದ ತ್ರೀ-ನಾಟ್-ತ್ರೀ (.303) ರೈಫಲ್. ನಿಜವಾದದ್ದು ಅಂದರೂ ಗುಂಡು ಹಾರದ್ದು. ಡಿಪಿ ಎಂದು ಮುದ್ರೆ ಒತ್ತಿ ಕವಾಯಿತಿಗೆಂದು ಬೇರೆ ಇಟ್ಟ ರೈಫಲ್‌ಗಳು ಅವು. ಗುಂಡು ಹಾರದಿದ್ದರೇನು, ತೂಕವನ್ನು ಯಾರೂ ಕಡಿಮೆ ಮಾಡಿರಲಿಲ್ಲ. ಸುಮಾರು ನಾಲ್ಕು ಕಿಲೋ. ಅದನ್ನು ಹೊತ್ತು ಅರ್ಧ ಗಂಟೆ ನಿಂತರೆ ಬಲಗೈ ನಮ್ಮದೋ ಸರ್ಕಾರದ್ದೋ ಎಂಬ ಅನುಮಾನ ಬರುತ್ತಿತ್ತು. ಆ ತೂಕ ಹೆಗಲಿಗೆ ಬಿದ್ದರೆ ಮನುಷ್ಯ ನಡೆಯುವ ಬಗೆಯೇ ಬದಲಾಗುತ್ತದೆ, ತಾನಾಗಿಯೇ ಎರಡೂ ಕೈ ಕೆಲಸಕ್ಕೆ ಬರುತ್ತವೆ. ನಟನೆ ಬಾರದ ಹನ್ನೆರಡು ವರ್ಷದ ಹುಡುಗನಿಗೆ ನಟನೆ ಕಲಿಸುವುದಕ್ಕಿಂತ ಕೈಗೆ ಭಾರ ಕೊಡುವುದು ಸುಲಭ ಎಂದು ನನ್ನ ಲೆಕ್ಕ.

ಪುಣೆಯಲ್ಲಿ ನೌಕರಿ ಮಾಡುವ ನನ್ನ ಅಕ್ಕನ ಮಗನಿಗೆ ಈ ವಿಷಯ ಹೇಳಿದ್ದೇ, ಅವನ ಉತ್ಸಾಹ ಫೋನಿನಿಂದ ಹೊರಗೆ ಚೆಲ್ಲಿತು. ಅವನಿಗೆ ಏರ್‌ಸಾಫ್ಟ್ ಹುಚ್ಚು. ಬಂದೂಕು ಇಟ್ಟುಕೊಳ್ಳಲು ಕಾನೂನು ಸುಲಭಕ್ಕೆ ಬಿಡದ ಜಪಾನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಆಟ ಅದು. ಹೊರಗಿನಿಂದ ಥೇಟು ಅಸಲಿ ಬಂದೂಕು, ಒಳಗೆ ಸ್ಪ್ರಿಂಗು ಅಥವಾ ಗ್ಯಾಸು, ಹಾರುವುದು 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಎರಡು ಪಂಗಡ ಮಾಡಿಕೊಂಡು ಗಿಡಗಂಟಿಗಳ ನಡುವೆ ಯುದ್ಧ ಆಡುತ್ತಾರೆ. ಅದರಲ್ಲೂ ಕೆಲವರು ಎರಡನೇ ಮಹಾಯುದ್ಧದ ಬಂದೂಕು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲವಂತೆ. ನಮ್ಮ ತ್ರೀ-ನಾಟ್-ತ್ರೀಯ ಏರ್‌ಸಾಫ್ಟ್ ಪ್ರತಿಯೂ ಸಿಗುತ್ತದೆ. ಬೆಲೆ ಕೇಳಿದರೆ ಒಂದು ಎಮ್ಮೆ ಕೊಳ್ಳುವುದು ಮೇಲು. ಹಾಗಾಗಿ ರೊಕ್ಕ ಇಲ್ಲದ ಹುಚ್ಚರು ಅಗ್ಗದ ಆಟಿಕೆ ಬಂದೂಕೊಂದರ ಕರುಳು ತೆಗೆದು, ಮನೆಯಲ್ಲೇ ಕೆತ್ತಿದ ಕಟ್ಟಿಗೆಯ ಮೈಯೊಳಗೆ ಕೂರಿಸುತ್ತಾರೆ. "ಒಳಗಿಂದು ಅಗ್ಗದ್ದು, ಹೊರಗಿಂದು ಕಟ್ಟಿಗಿ. ಎಲ್ಲಾರೂ ಹಂಗೇ ಮಾಡ್ತಾರ ಮಾಮಾ" ಎಂದ. ನಮ್ಮದಕ್ಕೆ ಒಳಗೇ ಬೇಡಪ್ಪಾ ಎಂದೆ. ಏಳನೇ ಇಯತ್ತೆಯ ಹುಡುಗರ ಕೈಗೆ ತೊಗರಿ ಕಾಳು ಹಾರಿಸುವ ಸಾಧನ ಕೊಟ್ಟರೂ ಮರುದಿನ ಯಾರ ಕಣ್ಣಿಗೆ ಪಟ್ಟಿ ಕಟ್ಟಿರುತ್ತದೋ ಹೇಳಲಾಗದು. ನಳಿಗೆಗೆ ತೂತೇ ಇರಕೂಡದು, ತುದಿಯಲ್ಲಿ ಕಟ್ಟಿಗೆಯ ಬಿರಡೆ ಹೊಡೆದು ಮುಚ್ಚಬೇಕು ಎಂಬುದು ನಾನು ಹಾಕಿಕೊಂಡ ಮೊದಲ ಕಟ್ಟಳೆ.

ಅಕ್ಕನ ಮಗ ಕೊಟ್ಟ ಒಂದು ಸಲಹೆ ಮಾತ್ರ ಲಕ್ಷ ರೂಪಾಯಿಯದು. ಬಂದೂಕಿನ ಒಂದು ಮಗ್ಗುಲಿನ ಚಿತ್ರವನ್ನು ನಿಜದ ಅಳತೆಗೆ, ಅಂದರೆ 44.5 ಇಂಚಿಗೆ, ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಿ ಎಂದ. ಹುಮನಾಬಾದಿನ ಫ್ಲೆಕ್ಸಿನವರು ಹುಟ್ಟುಹಬ್ಬದ ಒಬ್ಬ ಪುಢಾರಿಗೂ ಇನ್ನೊಬ್ಬನಿಗೂ ನಡುವೆ ಉಳಿದ ಜಾಗದಲ್ಲಿ ನನ್ನ ಬಂದೂಕನ್ನು ಒತ್ತಿಕೊಟ್ಟರು. ಅದನ್ನು ಗೋಡೆಗೆ ಹೊಡೆದು ಎದುರು ಕೂತು ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಬಡವನ ಕೈಯಿಂದ ನಕಲಿಸಿಕೊಳ್ಳಲೆಂದೇ ಹುಟ್ಟಿದಂತಿದೆ ಈ ಬಂದೂಕು. ಉಳಿದ ಬಹಳಷ್ಟು ರೈಫಲ್‌ಗಳಲ್ಲಿ ಕಬ್ಬಿಣದ ನಳಿಗೆ ಗೇಣುದ್ದ ಮುಂದಕ್ಕೆ ಚಾಚಿರುತ್ತದೆ. ಇದರಲ್ಲಿ ತುದಿಯವರೆಗೂ ಕಟ್ಟಿಗೆಯದೇ ಹೊದಿಕೆ. ಒಳಗೆ ಇಂಗ್ಲೆಂಡಿನ ಉಕ್ಕಿದೆಯೋ ಮನೆಯ ನಲ್ಲಿಗೆ ಹಾಕುವ ಜಿ.ಐ. ಪೈಪಿದೆಯೋ ಕೇಳುವವರಿಲ್ಲ. ಕಟ್ಟಿಗೆಯೂ ಒಂದೇ ತುಂಡಲ್ಲ. ಹೆಗಲಿಗೆ ಆನಿಸುವ ಬಟ್ ಬೇರೆ, ಮುಂದಿನ ಮೈ ಬೇರೆ, ನಡುವೆ ಕಬ್ಬಿಣದ ಜೋಡಣೆ. ಹೀಗಾಗಿ ಉದ್ದನೆಯ ಹಲಗೆ ಹುಡುಕುವ ಕಷ್ಟವೂ ಇಲ್ಲ. ಅದು ಬಿಟ್ಟರೆ ಹೊರಗೆ ಎದ್ದು ಕಾಣುವ ಲೋಹ ಮುಖ್ಯವಾಗಿ ನಾಲ್ಕು ಕಡೆ: ಬೋಲ್ಟು, ಹೊಟ್ಟೆಯ ಕೆಳಗಿನ ಹತ್ತು ಗುಂಡಿನ ಮ್ಯಾಗಜೀನು, ಮೂಗಿನ ಟೋಪಿ, ಹಿಂಬದಿಯ ಹಿತ್ತಾಳೆ ತಗಡು. ರೊಕ್ಕ ಹೋಗಬೇಕಾದದ್ದು ಅಲ್ಲಿಗೆ.

ಇದನ್ನು ಕಂಡುಹಿಡಿದ ಜೇಮ್ಸ್ ಪ್ಯಾರಿಸ್ ಲೀ ಕೂಡ ನಮ್ಮ ಪೈಕಿಯವನೇ. ಸ್ಕಾಟ್ಲೆಂಡಿನಲ್ಲಿ 1831ರಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು. ಹನ್ನೆರಡನೇ ವಯಸ್ಸಿಗೆ ಅಪ್ಪ ಕೊಟ್ಟ ಹಳೇ ಪಿಸ್ತೂಲಿನ ನಳಿಗೆಗೆ ತಾನೇ ಅಕ್ರೋಟಿನ ಕಟ್ಟಿಗೆ ಕೆತ್ತಿ ಸೇರಿಸಿ ಮೊದಲ ಬಂದೂಕು ಕಟ್ಟಿದನಂತೆ. ಅದು ಸರಿಯಾಗಿ ಹಾರಲಿಲ್ಲವಂತೆ. ಈ ಸಂಗತಿ ತಿಳಿದ ಮೇಲೆ ನನಗೆ ಅವನ ಮೇಲೆ ಸಲುಗೆ ಬಂತು. ಅವನ ಬೋಲ್ಟಿಗೆ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಸೇರಿ ಲೀ-ಎನ್‌ಫೀಲ್ಡ್ ಆಯಿತು. ಎರಡು ಮಹಾಯುದ್ಧ ಕಂಡು, ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗಿ, ನಮ್ಮ ಪೊಲೀಸರ ಹೆಗಲ ಮೇಲೆ ಈ ಶತಮಾನದವರೆಗೂ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ಬೀಳ್ಕೊಡುಗೆ ಕೊಟ್ಟದ್ದು 2020ರಲ್ಲಿ. ಇಷ್ಟು ಕಾಲ ನಮ್ಮ ನಡುವೆ ಇದ್ದರೂ ಸಾಮಾನ್ಯರಿಗೆ ಅದು ದಕ್ಕಲಿಲ್ಲ. ಸೈನ್ಯದ ಗುಂಡು ಸಾಮಾನ್ಯರ ಬಂದೂಕಿಗೆ ಹೊಂದಬಾರದೆಂದು ಬ್ರಿಟಿಷರು ಹಾಕಿದ ಕಟ್ಟು ಇಂದಿಗೂ ಇದೆ. ಲೈಸೆನ್ಸ್ ಇರುವ ಸಾಹುಕಾರರ ಮನೆಯಲ್ಲಿ .315 ಬಂದೂಕು ನೇತಾಡುವುದು ಅದಕ್ಕೇ. ಅದೂ ಇಛಾಪುರದ್ದೇ, ಬೋಲ್ಟೂ ಲೀಯದೇ, ಗುಂಡಿನ ಅಳತೆ ಮಾತ್ರ ಬೇರೆ.

ಎರಡು ಸಾವಿರದಲ್ಲಿ ಎಂಟು ಬಂದೂಕು ಹೇಗೆ ಎಂಬ ಚಿಂತೆ ಹಾಗೇ ಉಳಿದಿತ್ತು. ಅದನ್ನು ಬಿಡಿಸಿದ್ದು ಬಡಿಗನಲ್ಲ, ಇತಿಹಾಸ. 1948ರಲ್ಲಿ ಭಾರತದ ಸೈನ್ಯ ಹೈದರಾಬಾದಿನ ಮೇಲೆ ನಡೆಸಿದ ಕಾರ್ಯಾಚರಣೆಯಾದ ಆಪರೇಷನ್ ಪೋಲೋ ಬಗ್ಗೆ ಬರೆದವರು ಕೊಡುವ ಲೆಕ್ಕ ಹೀಗಿದೆ: ರಜಾಕಾರರು ಎರಡು ಲಕ್ಷದವರೆಗೆ ಇದ್ದರು, ಹೊಸ ಬಗೆಯ ಬಂದೂಕು ಇದ್ದದ್ದು ಅವರಲ್ಲಿ ಕಾಲು ಭಾಗದವರ ಕೈಯಲ್ಲಿ. ಉಳಿದವರದೆಲ್ಲ ಬಾಯಿಂದ ಮದ್ದು ತುಂಬುವ ಭರ್ಮಾರ್ ಮತ್ತು ಕತ್ತಿ. ನಿಜಾಮರಿಗೆ ಶಸ್ತ್ರದ ಬರ ಎಷ್ಟಿತ್ತೆಂದರೆ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ಕದ್ದು ಮುಚ್ಚಿ ಬಂದೂಕು ತುಂಬಿಕೊಂಡು ಹೈದರಾಬಾದಿಗೆ ಹಾರಿ ಬರುತ್ತಿದ್ದ. ನಾನು ಮಾಸ್ತರರ ಮುಂದೆ ಲೆಕ್ಕ ಮಂಡಿಸಿದೆ. ನಾಲ್ವರಿಗೊಂದರಂತೆ ಎಂಟು ಜನಕ್ಕೆ ಎರಡು ಬಂದೂಕು ಸಾಕು. ಇದಕ್ಕಿಂತ ಹೆಚ್ಚು ಮಾಡಿದರೆ ಇತಿಹಾಸಕ್ಕೆ ಅಪಚಾರ. "ಮತ್ತ ನಮ್ಮ ಸೈನಿಕರಿಗೆ?" ಎಂದರು. ರಜಾಕಾರರು ಶರಣಾಗಿ ಒಳಗೆ ಹೋಗುತ್ತಾರಲ್ಲ, ಪರದೆಯ ಹಿಂದೆ ಕೈ ಬದಲಾದರಾಯಿತು. ಈ ಕಡೆಯವರದೂ ಆ ಕಡೆಯವರದೂ ಅದೇ ತ್ರೀ-ನಾಟ್-ತ್ರೀ. ಉಳಿದ ಆರು ರಜಾಕಾರರಿಗೆ ತಗಡಿನ ಕತ್ತಿ. ರಜ್ವಿಯ ಸಾಲಿನಿಂದ ಮೂವರು ಮತ್ತೆ ಪಟೇಲರಾಗಲು ಹೊರಟುಹೋದರು.

ಕಟ್ಟಿಗೆ ಪುಕ್ಕಟೆಯೇ ಸಿಕ್ಕಿತೆನ್ನಬೇಕು. ನಮ್ಮ ಕಡೆ ಈಗ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ಕಾಲ. ಕೆಡವಿದ ಮನೆಯ ತೊಲೆಗೆ ಬೆಲೆಯುಂಟು, ಸಣ್ಣ ಜಂತಿಗಳು ಒಲೆಗೆ ಹೋಗುತ್ತವೆ. ಎರಡು ತಲೆಮಾರು ಅಡುಗೆಯ ಹೊಗೆ ಕುಡಿದ ಸಾಗವಾನಿ ಜಂತಿಗೆ ಬಣ್ಣವೇ ಬೇಕಿಲ್ಲ. ಮಳೆಗಾಲಕ್ಕೆ ಉಬ್ಬದು, ಬಿಸಿಲಿಗೆ ಬಾಗದು. ಪರಿಚಯದ ಬಡಿಗೇರರು ಮಷೀನಿನಲ್ಲಿ ನಳಿಗೆ ಕೂರುವ ತೋಡು ಹೊಡೆದುಕೊಟ್ಟರು. ಮೈ ತಿದ್ದುವ ಕೆಲಸ ನನಗೆ ಬಿಟ್ಟರು. ಬಟ್ಟಿನ ಕುತ್ತಿಗೆ ತೋರುಬೆರಳು ಹೆಬ್ಬೆರಳಿನ ನಡುವೆ ಎಷ್ಟು ತುಂಬಬೇಕೆಂಬುದು ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ. ಅದನ್ನು ಹಿಡಿದು ಹಿಡಿದು ಕೆರೆಯಬೇಕು. ಬಟ್ಟಿನೊಳಗೆ ಉದ್ದಕ್ಕೆ ರಂಧ್ರ ಕೊರೆದು ಕಬ್ಬಿಣದ ಸರಳಿನ ತುಂಡು ಇಳಿಸಿದ್ದು ತೂಕಕ್ಕಾಗಿ. ನಾಲ್ಕು ಕಿಲೋ ಹೊತ್ತರೆ ಮಕ್ಕಳು ಸೊರಗುತ್ತಾರೆಂದು ಮೂರರ ಹತ್ತಿರ ನಿಲ್ಲಿಸಿದೆ.

ಅಸಲಿ ಬಂದೂಕಿನ ಕಟ್ಟಿಗೆಗೆ ಸೈನಿಕರು ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಗಸೆ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ಸೀಮೆ ನಮ್ಮದು. ಆನ್‌ಲೈನಿನಲ್ಲಿ ಅದನ್ನೇ ಸಣ್ಣ ಸೀಸೆಗೆ ತುಂಬಿ ಬಂದೂಕಿನ ಪಾಲಿಶ್ ಎಂದು ಮಾರುತ್ತಾರೆ. ಗಾಣದಿಂದ ತಂದ ಎಣ್ಣೆಯನ್ನು ಅರಿವೆಗೆ ಹಚ್ಚಿ, ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಿದೆ. ಮನೆಯಾಕೆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಆಗಾಗ ಬಂದು ನೋಡಿ ಹೋಗುತ್ತಿದ್ದಳು.

ಪೈಪು ಕಪ್ಪಾಗಿಸುವ ಉಪಾಯ ಬೀದರಿನದು. ಬಿದರಿ ಕೆಲಸದವರು ಎರಕ ಹೊಯ್ದ ಪಾತ್ರೆಯ ಮೈಗೆ ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಗೀರಿದ ಚಿತ್ತಾರ ಬೆಳ್ಳಗೆ ಕಾಣುತ್ತದೆ. ಕೋಟೆಯ ಮಣ್ಣು, ನವಸಾಗರ ಬೆರೆಸಿ ಕೊಡುವ ಶಾಶ್ವತವಾದ ಕಪ್ಪು ಕೊನೆಯದು. ಇದೆಲ್ಲ ನಡೆಯುವುದು ಬಿದರಿಯ ಲೋಹದಲ್ಲಿ ಬಹುಪಾಲು ಸತು ಇರುವುದರಿಂದ. ಜಿ.ಐ. ಪೈಪಿನ ಹೊರಮೈಯೂ ಸತುವೇ ಅಲ್ಲವೇ? ಗೊಬ್ಬರದಂಗಡಿಯಲ್ಲಿ ಮೈಲುತುತ್ತ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಸವರಿದ ಕ್ಷಣಕ್ಕೇ ಪೈಪು ಕಪ್ಪಾಯಿತು. ಅದೇ ನೀರನ್ನು ಬರೀ ಕಬ್ಬಿಣಕ್ಕೆ ಸವರಿದರೆ ತಾಮ್ರ ಕೂತು ಕೆಂಪಾಗುತ್ತದೆ. ಆದ್ದರಿಂದ ಬೋಲ್ಟಿಗೆ ಕಮ್ಮಾರರ ಹಳೇ ಪದ್ಧತಿಯೇ ಸರಿ: ಕಾಯಿಸಿ, ಲಾರಿಯ ಸುಟ್ಟ ಆಯಿಲ್‌ನಲ್ಲಿ ಅದ್ದುವುದು.

ಬೋಲ್ಟು ಎಂದರೆ ಬೇರೇನಲ್ಲ, ಬಾಗಿಲಿನ ಚಿಲಕ. ಹಾರ್ಡ್‌ವೇರ್ ಅಂಗಡಿಯ ಎಂಟಿಂಚಿನ ಕಬ್ಬಿಣದ ಟವರ್ ಬೋಲ್ಟನ್ನೇ ಬಲಗಡೆ ಕೂರಿಸಿ, ಹಿಡಿಕೆಗೆ ಕಪಾಟಿನ ಗುಂಡಿ ಬೆಸೆಸಿದೆ. ಎತ್ತು, ಎಳೆ, ನೂಕು, ಇಳಿಸು. ಲೀಯ ಬೋಲ್ಟಿನ ಹೆಚ್ಚುಗಾರಿಕೆ ಎಂದರೆ ಅರವತ್ತು ಡಿಗ್ರಿ ಎತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಜರ್ಮನಿಯ ಮೌಸರಿಗೆ ತೊಂಬತ್ತು ಬೇಕು. ಕಣ್ಣಿಗೆ ಕಟ್ಟಿದ ಗುರಿ ಕದಲದಂತೆ ಬೇಗ ಬೇಗ ಗುಂಡು ಹಾರಿಸಲು ಆಗುತ್ತಿದ್ದದ್ದು ಅದರಿಂದ. ಮುಂದಕ್ಕೆ ನೂಕುವಾಗ ಮಾತ್ರ ಒಳಗಿನ ಸ್ಪ್ರಿಂಗು ಎದುರು ನಿಲ್ಲುತ್ತದೆ. ಎನ್‌ಸಿಸಿಯಲ್ಲಿ ನನ್ನ ಅಂಗೈಗೆ ಗುರುತಾಗಿದ್ದ ಆ ಎದುರು, ಚಿಲಕದಲ್ಲಿ ಇರಲಿಲ್ಲ. ಸಡಿಲ ಚಿಲಕ ಸರಿದಾಡುವ ಸಪ್ಪಳ ಕೇಳಿದರೆ ಬಚ್ಚಲಮನೆಯ ನೆನಪಾಗುತ್ತಿತ್ತೇ ಹೊರತು ಯುದ್ಧದ್ದಲ್ಲ.

ಸ್ಪ್ರಿಂಗು ಹುಡುಕಿಕೊಂಡು ಬಸವಕಲ್ಯಾಣದ ಕಡೆ, ಹೆದ್ದಾರಿಯ ಮೇಲಿನ ಸಸ್ತಾಪುರ ಬಂಗ್ಲಾಕ್ಕೆ ಹೋದೆ. ಲಾರಿ ರಿಪೇರಿ ಗ್ಯಾರೇಜುಗಳ ಆ ಜಗತ್ತಿನಲ್ಲಿ ಸಿಗದ ಸ್ಪ್ರಿಂಗು ಬೇರೆಲ್ಲೂ ಸಿಗದು. ವಯಸ್ಸಾದ ಒಬ್ಬ ಚಾಚಾ ಡಬ್ಬಿಯಿಂದ ಒಂದೊಂದೇ ತೆಗೆದು, ಬೆರಳಲ್ಲಿ ಒತ್ತಿ ನೋಡಿ, ಪಕ್ಕಕ್ಕಿಡುತ್ತ ಯಾವ ಗಾಡಿಗೆ ಎಂದು ಕೇಳಿದರು. ಬಂದೂಕಿಗೆ ಎಂದೆ. ನಾಟಕ ಎಂದೆ. ಯಾವ ನಾಟಕ ಎಂದು ಹೇಳುವಾಗ ನನ್ನ ಧ್ವನಿ ಸ್ವಲ್ಪ ಇಳಿಯಿತು.

ಈ ಗ್ಯಾರೇಜುಗಳ ಎದುರಿನ ರಸ್ತೆಯೇ ನಾಟಕದ ರಸ್ತೆ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ ನಳದುರ್ಗ, ಉಮರ್ಗಾ ದಾಟಿ 14ಕ್ಕೆ ನಮ್ಮ ಪಕ್ಕದ ರಾಜೇಶ್ವರ ಮುಟ್ಟಿತು. ದಾರಿಯಲ್ಲಿ ಹೊಂಚು ಹಾಕಿದ್ದ ನೆಲೆಗಳ ಮೇಲೆ ಟೆಂಪೆಸ್ಟ್ ವಿಮಾನಗಳು ಬಾಂಬು ಹಾಕಿದವು. 17ಕ್ಕೆ ನಿಜಾಮರು ಕದನ ನಿಲ್ಲಿಸಿದರು, 18ಕ್ಕೆ ಅವರ ಸೇನಾಪತಿ ಎಲ್ ಎದ್ರೂಸ್ ಚೌಧರಿಯವರ ಮುಂದೆ ಶರಣಾದರು. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ, ಅಂದರೆ ಅದೇ ವರ್ಷದ ಮೇ ತಿಂಗಳಲ್ಲಿ, ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕಗ್ಗೊಲೆಯನ್ನು ಜನ ಇಂದಿಗೂ ಮರೆತಿಲ್ಲ. ಮಾಸ್ತರರ ನಾಟಕ ಗೋರಟಾದಿಂದ ಶುರುವಾಗಿ ಧ್ವಜ ಏರುವಲ್ಲಿ ಮುಗಿಯುತ್ತಿತ್ತು. ಚಾಚಾ ಎಲ್ಲ ಕೇಳಿಕೊಂಡು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ಹೇಳಿದರು: "ಅದರ ಮುಂದಿನ ದಿನಗಳ್ದೂ ಏನಾರ ಅದ ಏನ್ರಿ ನಿಮ್ಮ ನಾಟಕದಾಗ? ನಮ್ಮ ಅಬ್ಬಾ ಆಗ ಸಣ್ಣಾವ. ಜೋಳದ ಹೊಲದಾಗ ಕೂತಿದ್ದ. ರೊಟ್ಟಿ ಕೊಟ್ಟಾಕಿ ಬಾಜೂ ಮನಿ ಗೌಡತಿ." ಅಷ್ಟು ಹೇಳಿ ಸ್ಪ್ರಿಂಗು ಕೈಗಿಟ್ಟರು. ರೊಕ್ಕ ಮಾತ್ರ ಬಿಡಲಿಲ್ಲ.

ಆ ಮುಂದಿನ ದಿನಗಳ ಬಗ್ಗೆಯೂ ಬರಹ ಇದೆ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ತಿರುಗಿ, ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ಬರೆದಿಟ್ಟಿತು. ಅತಿ ಹೆಚ್ಚು ಕೆಟ್ಟ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದರಲ್ಲಿ ನಮ್ಮ ಬೀದರ್ ಒಂದು. ನಾನು ಮಾಸ್ತರರಿಗೆ ಚಾಚಾನ ಮಾತನ್ನು ಹಾಗೇ ಒಪ್ಪಿಸಿದೆ. ಅವರು ಬಹಳ ಹೊತ್ತು ಪುಸ್ತಕದ ಹಾಳೆ ತಿರುವಿ, ಒಂದು ದೃಶ್ಯ ಹೆಚ್ಚಿಗೆ ಬರೆದರು: ಹೊಲದಲ್ಲಿ ಒಬ್ಬ ಹುಡುಗ, ಬುತ್ತಿ ತಂದ ಒಬ್ಬ ತಾಯಿ. ಖರ್ಚು, ಎರಡು ಹೊರೆ ಜೋಳದ ದಂಟು. ಇಡೀ ನಾಟಕದಲ್ಲಿ ಅತ್ಯಂತ ಅಗ್ಗದ ದೃಶ್ಯ ಅದು, ಬಂದೂಕು ಬೇಡದ ದೃಶ್ಯವೂ ಅದೊಂದೇ.

"ಪ್ರಭುಗಳ ಊರಾಗ ಕೂತು ಬಂದೂಕು ಮಾಡ್ಲತ್ತೀರಲ್ಲ?" ಎಂದು ಕಟ್ಟೆಯ ಮೇಲಿನ ಹಿರಿಯರೊಬ್ಬರು ಕೇಳಿದ್ದು ಇದೇ ದಿನಗಳಲ್ಲಿ. ಅವರ ಮಾತಿನಲ್ಲಿ ತಮಾಷೆಯೂ ಇತ್ತು, ತಮಾಷೆಯಲ್ಲದ್ದೂ ಇತ್ತು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಇಲ್ಲಿ ನೆಲೆಸಿದ ಮಾಣಿಕಪ್ರಭುಗಳು ಯಾವ ಮತವನ್ನೂ ಬೇಡವೆನ್ನದ ಸಕಲಮತದ ದಾರಿ ಹಾಕಿಕೊಟ್ಟವರು. ಅವರ ದರ್ಬಾರಿಗೆ ಹಿಂದೂಗಳು, ಮುಸಲ್ಮಾನರು ಒಟ್ಟಿಗೇ ಬರುತ್ತಿದ್ದರು. ಹಿರಿಯರ ಕೈಗೆ ಬಂದೂಕು ಕೊಟ್ಟೆ. ತಿರುಗಿಸಿ ನೋಡಿ, ನಳಿಗೆಯ ಬಾಯಿಗೆ ಬೆರಳಿಟ್ಟು ಬಿರಡೆ ಮುಟ್ಟಿ, "ಇದು ಮುಚ್ಚೇ ಅದಲ್ಲ" ಎಂದು ಹಿಂದಿರುಗಿಸಿದರು. ಅನುಮತಿ ಸಿಕ್ಕಿತೆಂದು ಭಾವಿಸಿದೆ.

ಉಳಿದ ಸಾಮಾನು ಬೇಗ ಕೂಡಿತು. ಮ್ಯಾಗಜೀನಿಗೆ ಎಣ್ಣೆ ಡಬ್ಬಿಯ ತಗಡು. ಮೂಗಿನ ಟೋಪಿಗೆ ಸೈಕಲ್ಲಿನ ಒಂದು ಕ್ಲ್ಯಾಂಪು. ಹೆಗಲ ಪಟ್ಟಿಗೆ ಹಳೇ ಮಂಚದ ನವಾರ, ಚಹಾದ ಡಿಕಾಕ್ಷನ್ನಿನಲ್ಲಿ ಕುದಿಸಿದರೆ ಅದರ ಬಣ್ಣ ಖಾಕಿಗೆ ಹತ್ತಿರ. ಹಿತ್ತಾಳೆ ಮಾತ್ರ ಭಂಗಾರ್ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳಬೇಕಾಯಿತು.

ಅಸಲಿಯಲ್ಲಿ ಕುತ್ತಿಗೆಯ ಬಳಿ ಒಂದು ಮುದ್ರೆ ಇರುತ್ತದೆ. ಯುದ್ಧಕಾಲದ ಇಛಾಪುರದ ಬಂದೂಕುಗಳಿಗೆ ಕಿರೀಟ, ಅದರ ಕೆಳಗೆ ಆರನೇ ಜಾರ್ಜನ ಜಿ.ಆರ್.ಐ., ಆಮೇಲೆ ಇಸವಿ. ಸ್ವತಂತ್ರ ಭಾರತದವಕ್ಕೆ ಕಿರೀಟದ ಜಾಗದಲ್ಲಿ ಸಿಂಹ. 1948ರ ರಜಾಕಾರನ ಕೈಯಲ್ಲಿ ಸಿಂಹ ಇರಲು ಸಾಧ್ಯವಿಲ್ಲ. ಯಾರೂ ನೋಡದ ಈ ವಿವರಕ್ಕೆ ನಾನು ಹುಮನಾಬಾದಿನ ಪಾತ್ರೆ ಅಂಗಡಿಗೆ ಹೋದೆ. ಸ್ಟೀಲಿನ ತಂಬಿಗೆ, ತಾಟುಗಳ ಮೇಲೆ ಹೆಸರು ಕೊರೆಯುವ ಹುಡುಗ ಹಿತ್ತಾಳೆ ತುಂಡು ಇಸಿದುಕೊಂಡು ಮಷೀನು ಶುರು ಮಾಡಿದ.

"ಏನ್ ಬರೀಲ್ರಿ?"

"ಜಿ.ಆರ್.ಐ., ಕೆಳಗ 1942."

"ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?"

ಜಾರ್ಜನ ಕಡೆಯವರು ಎಂದೆ. ಅವನು ತಲೆ ಆಡಿಸಿ, ಕಿರೀಟದ ಜೊತೆಗೆ ತಾನಾಗಿಯೇ ಎರಡು ಹೂವು ಕೊರೆದುಕೊಟ್ಟ. ಹೆಚ್ಚಿಗೆ ರೊಕ್ಕ ಕೇಳಲಿಲ್ಲ. ಹೂವುಳ್ಳ ಲೀ-ಎನ್‌ಫೀಲ್ಡ್ ಜಗತ್ತಿನಲ್ಲಿ ಇದೊಂದೇ ಇರಬೇಕು.

ನಾಟಕದ ದಿನ ಶಬ್ದದ ಹೊಣೆ ಪರದೆಯ ಹಿಂದೆ ಕಲ್ಲು ಹಿಡಿದು ಕೂತ ಇಬ್ಬರು ಹುಡುಗರದು. ದೀಪಾವಳಿಯ ಕೇಪುಗಳನ್ನು ಜಜ್ಜುವುದು ಅವರ ಕೆಲಸ. ಬಂದೂಕು ಹಿಡಿದವನಿಗೂ ಅವರಿಗೂ ತಾಳ ಕೂಡಲಿಲ್ಲ. ಕೆಲವು ಗುಂಡು ಗುರಿ ಹಿಡಿಯುವ ಮೊದಲೇ ಹಾರಿದವು, ಒಂದು ಶರಣಾಗತಿಯ ನಂತರ ಹಾರಿತು. ಆದರೆ ರಜಾಕಾರರ ಮುಖಂಡ ವೇದಿಕೆಯ ತುದಿಗೆ ಬಂದು ಬೋಲ್ಟು ಎಳೆದು, ಸ್ಪ್ರಿಂಗಿನ ಎದುರಿಗೆ ನೂಕಿ, ಇಳಿಸಿದ ಸಪ್ಪಳಕ್ಕೆ ಮುಂದಿನ ಸಾಲಿನ ಮಕ್ಕಳು ಮಾತು ನಿಲ್ಲಿಸಿದ್ದನ್ನು ನಾನು ನೋಡಿದೆ. ಭಾರಕ್ಕೆ ಅವನ ಎರಡೂ ಕೈ ತುಂಬಿದ್ದವು, ಬೆನ್ನು ತುರಿಸಿಕೊಳ್ಳಲು ಬಿಡುವಿರಲಿಲ್ಲ. ಪರದೆಯ ಹಿಂದೆ ಬಂದೂಕು ಕೈ ಬದಲಾಯಿಸುವಾಗ ಸ್ವಲ್ಪ ಎಳೆದಾಟವಾಯಿತು. ರಜಾಕಾರ ಬಿಡಲೊಲ್ಲ, ಸೈನಿಕ ಬೇಡಿದ. ಕೊನೆಗೆ ಮಾಸ್ತರರೇ ಮಧ್ಯೆ ಬಂದು ಶರಣಾಗತಿ ಮಾಡಿಸಿದರು.

ಎರಡು ಸಾವಿರದಲ್ಲಿ ಉಳಿದ ಸ್ವಲ್ಪ ಹಣ ವಾಪಸು ಕೊಡಲು ಹೋದರೆ ಮಾಸ್ತರರು ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ರಾಜೇಶ್ವರದ ದೃಶ್ಯ ಹಾಕಬೇಕೆಂದಿದ್ದಾರೆ, ಅದಕ್ಕೊಂದು ಟೆಂಪೆಸ್ಟ್ ವಿಮಾನ ಬೇಕಂತೆ. ಅದರ ರೆಕ್ಕೆಯಗಲ 41 ಅಡಿ. ಶಾಲೆಯ ವೇದಿಕೆ ಅದರ ಅರ್ಧವೂ ಇಲ್ಲ ಎಂದು ತಿಳಿಸಿದ್ದೇನೆ. ಒಂದೇ ರೆಕ್ಕೆ ಮಾಡಿ ಎಂದಿದ್ದಾರೆ.